ಪ್ಲಾಸ್ಟಿಕ್ ತಲೆ: ಮುಖಕ್ಕೆ ಫುಲ್ ಮಾರ್ಕ್ಸ್, ಜೊಲ್ಲು ಗ್ರಂಥಿಗೆ ಜಸ್ಟ್ ಪಾಸ್

ವಿಜಯಪುರದಲ್ಲಿ ನರ್ಸಿಂಗ್ ಮೊದಲ ವರ್ಷದ ಹುಡುಗಿಯರಿಗೆ ಮನೆಯಲ್ಲೇ ಅನಾಟಮಿ ಪಾಠ ಹೇಳುತ್ತೇನೆ. ಪುಸ್ತಕದ ಚಿತ್ರ ತೋರಿಸಿ ತೋರಿಸಿ ಬೇಸರ ಬಂದು, ಈ ಸಲ ಒಂದು ಪ್ಲಾಸ್ಟಿಕ್ ತಲೆ ತರಿಸಿದೆ. ನಮ್ಮ ತಲೆಯಷ್ಟೇ ದೊಡ್ಡದು. ಒಂದು ಬದಿ ಚರ್ಮ ಹಾಗೇ ಇದೆ, ಇನ್ನೊಂದು ಬದಿ ಚರ್ಮ ತೆಗೆದು ಸ್ನಾಯು, ರಕ್ತನಾಳ, ನರ ಎಲ್ಲ ತೋರಿಸಿದ್ದಾರೆ. ಬೆಲೆ 6,500 ರೂಪಾಯಿ. ಲ್ಯಾಬ್ ಸಾಮಾನು ಮಾರುವ ಅಂಗಡಿಯವರು ‘ಮೇಡಂ, ಇದರಾಗ ಎಲ್ಲಾ ಐತ್ರಿ’ ಅಂದಿದ್ದರು. ಎಲ್ಲಾ ಇಲ್ಲ.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಮುಖದ ನರ ತುಂಬಾ ಚೆನ್ನಾಗಿ ಮಾಡಿದ್ದಾರೆ. ಕಿವಿಯ ಮುಂದಿನಿಂದ ಹಳದಿ ಬಣ್ಣದ ಫೇಶಿಯಲ್ ನರ್ವ್ ಐದು ಕವಲಾಗಿ ಹರಡುತ್ತದೆ. ಕಣತಲೆಗೆ ಒಂದು, ಕೆನ್ನೆಯ ಮೂಳೆಗೆ ಒಂದು, ಕೆನ್ನೆಗೆ ಒಂದು, ಕೆಳದವಡೆಯ ಅಂಚಿಗೆ ಒಂದು, ಕುತ್ತಿಗೆಗೆ ಒಂದು. ಬೆರಳಿಟ್ಟು ತೋರಿಸಲು ಸಲೀಸು. ಬಾಯಿ ಸೊಟ್ಟಗಾಗಿ ಬಂದವರಿಗೆ ಡಾಕ್ಟರು ‘ಹುಬ್ಬು ಮೇಲೆ ಎತ್ತಿ’ ಅಂತ ಯಾಕೆ ಹೇಳುತ್ತಾರೆ ಅನ್ನೋದು ಹುಡುಗಿಯರಿಗೆ ಇದರಿಂದಲೇ ತಲೆಗೆ ಹತ್ತಿತು. ಹಣೆಯ ಸ್ನಾಯುವಿಗೆ ಮೆದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ. ಹಾಗಾಗಿ ಮೆದುಳಿನಲ್ಲಿ ಲಕ್ವಾ ಹೊಡೆದರೆ ಸಾಮಾನ್ಯವಾಗಿ ಹಣೆ ಸುಕ್ಕು ಮಾಡಲು ಬರುತ್ತದೆ. ಈ ನರವೇ ಕೆಟ್ಟರೆ ಆ ಬದಿಯ ಹಣೆಯೂ ಅಲುಗಾಡುವುದಿಲ್ಲ. ಯಾವುದೇ ಆಗಲಿ, ಮನೆಯಲ್ಲಿ ಕೂತು ಲೆಕ್ಕ ಹಾಕುವ ವಿಷಯ ಅಲ್ಲ, ಆಸ್ಪತ್ರೆಗೆ ಓಡಬೇಕು.

ರಕ್ತನಾಳಗಳೂ ಜಾಗದಲ್ಲೇ ಇವೆ. ಫೇಶಿಯಲ್ ಆರ್ಟರಿ ಕೆಳದವಡೆಯನ್ನು ದಾಟುವ ಜಾಗ ಮಾಡೆಲ್ ಮೇಲೆ ನೋಡಿ, ಅದೇ ಜಾಗ ತಮ್ಮ ಮುಖದ ಮೇಲೆ ಹುಡುಕಿದರು. ಹಲ್ಲು ಕಚ್ಚಿದರೆ ಮ್ಯಾಸಿಟರ್ ಸ್ನಾಯು ಗಟ್ಟಿಯಾಗುತ್ತದಲ್ವಾ, ಅದರ ಮುಂದಿನ ಅಂಚಿನಲ್ಲಿ ಮೂಳೆಗೆ ಬೆರಳು ಒತ್ತಿದರೆ ನಾಡಿ ಸಿಗುತ್ತದೆ. ನೀಲಿ ಬಣ್ಣದ ಫೇಶಿಯಲ್ ವೇನ್ ಕಣ್ಣಿನ ಮೂಲೆಯವರೆಗೂ ಹೋಗಿದೆ. ಅಲ್ಲಿಂದ ಅದು ಕಣ್ಣಿನ ಗುಳಿಯ ರಕ್ತನಾಳದ ಮೂಲಕ ತಲೆಬುರುಡೆಯ ಒಳಗೆ ಮೆದುಳಿನ ಬುಡದಲ್ಲಿರುವ ರಕ್ತದ ಕುಹರ, ಅಂದರೆ ಕ್ಯಾವರ್ನಸ್ ಸೈನಸ್‌ಗೆ ಸೇರುತ್ತದೆ, ಮೊಡವೆಯ ಸೋಂಕೂ ಇದೇ ದಾರಿ ಹಿಡಿಯಬಹುದು ಅಂತ ಹೇಳಿದ ಮೇಲೆ, ಮೂಗಿನ ಪಕ್ಕದ ಮೊಡವೆ ಹಿಚುಕುವುದು ನಮ್ಮ ಕ್ಲಾಸಿನಲ್ಲಿ ನಿಂತೇ ಹೋಗಿದೆ.

ಈಗ ಜೊಲ್ಲು ಗ್ರಂಥಿ. ಇಲ್ಲಿ ತಯಾರಿಸಿದವರು ಕೈ ಎತ್ತಿಬಿಟ್ಟಿದ್ದಾರೆ. ಕಿವಿಯ ಕೆಳಗಿನ ಪೆರೋಟಿಡ್ ಗ್ರಂಥಿಯನ್ನು ಬಿಚ್ಚಿ ತೆಗೆಯಬಹುದು, ಸರಿ. ಆದರೆ ಮುಖದ ನರ ಅದರ ಅಡಿಯಲ್ಲಿ ಹೋದ ಹಾಗೆ ಮಾಡಿದ್ದಾರೆ. ನಿಜದಲ್ಲಿ ನರ ಗ್ರಂಥಿಯ ಒಳಗೇ ತೂರಿ ಹೋಗುತ್ತದೆ. ಅದಕ್ಕೇ ಈ ಗ್ರಂಥಿಯ ಗಡ್ಡೆ ತೆಗೆಯುವಾಗ ಸರ್ಜನ್‌ಗಳು ಅಷ್ಟು ಹುಷಾರಾಗಿರುವುದು. ಇನ್ನೊಂದು ತಮಾಷೆ, ಅಷ್ಟು ಒಳಗೆ ಹೋಗಿಯೂ ಆ ನರ ಈ ಗ್ರಂಥಿಗೆ ಏನೂ ಕೊಡುವುದಿಲ್ಲ, ಜೊಲ್ಲು ಸುರಿಸುವ ಆಜ್ಞೆ ಗ್ಲಾಸೋಫ್ಯಾರಿಂಜಿಯಲ್ ನರದಿಂದ ಬರುತ್ತದೆ. ಗ್ರಂಥಿಯ ನಾಳವಂತೂ ಮ್ಯಾಸಿಟರ್ ಮೇಲೆ ಬಂದು ಅಲ್ಲೇ ನಿಂತಿದೆ. ಅದು ಒಳಕ್ಕೆ ತಿರುಗಿ, ಕೆನ್ನೆಯ ಸ್ನಾಯು ತೂರಿ, ಮೇಲಿನ ಎರಡನೇ ದವಡೆ ಹಲ್ಲಿನ ಎದುರು ಬಾಯಿಯೊಳಗೆ ತೆರೆಯಬೇಕು. ಕೆಳದವಡೆಯ ಗ್ರಂಥಿ ಸುಮ್ನೆ ಒಂದು ಉಂಡೆ. ನಾಲಿಗೆ ಕೆಳಗಿನದ್ದು ಇಲ್ಲವೇ ಇಲ್ಲ.

ಮಾಡೆಲ್ ಬದಿಗಿಟ್ಟು ಇಂಡಿ ಲಿಂಬೆಹಣ್ಣು ತೆಗೆದೆ. ಒಬ್ಬೊಬ್ಬರ ನಾಲಿಗೆಗೂ ಎರಡು ಹನಿ ರಸ, ಕೈಯಲ್ಲಿ ಕನ್ನಡಿ, ಮೊಬೈಲ್ ಟಾರ್ಚ್. ನಾಲಿಗೆ ಮೇಲೆತ್ತಿದರೆ ಮಧ್ಯದ ತೆಳು ಪೊರೆಯ ಎರಡೂ ಪಕ್ಕ ಚಿಕ್ಕ ಗುಬುಟು ಇರುತ್ತದೆ. ಅದರ ತುದಿಯಿಂದ ನೀರು ಜಿನುಗುವುದು ಕಣ್ಣಾರೆ ಕಾಣುತ್ತದೆ. ಕೆಳದವಡೆಯ ಗ್ರಂಥಿಯ ನಾಳದ ಬಾಯಿ ಅದೇ. ಜೊಲ್ಲು ಗ್ರಂಥಿಯ ಕಲ್ಲುಗಳಲ್ಲಿ ಸುಮಾರು 80 ಶೇಕಡಾ ಈ ಗ್ರಂಥಿಯವೇ. ಇದರ ಜೊಲ್ಲು ಮಂದ, ನಾಳ ಉದ್ದ, ಅದೂ ಕೆಳಗಿನಿಂದ ಮೇಲಕ್ಕೆ ಹರಿಯಬೇಕು. ಊಟಕ್ಕೆ ಕೂತಾಗ ದವಡೆ ಕೆಳಗೆ ಊದಿ ನೋಯುತ್ತದೆ, ಆಮೇಲೆ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಇದೇ ನೆನಪಾಗಬೇಕು.

ನೆತ್ತಿಯ ಭಾಗ ಅರ್ಧ ಸರಿ, ಅರ್ಧ ಇಲ್ಲ. ಟೋಪಿಯ ಹಾಗೆ ಮೇಲಿನದು ಏಳುತ್ತದೆ. ಹಣೆಯ ಸ್ನಾಯು, ಹಿಂದಲೆಯ ಸ್ನಾಯು, ನಡುವಿನ ಬಿಳಿ ಪೊರೆ ಎಲ್ಲ ಇದೆ. ಐದು ಪದರದಲ್ಲಿ ಬೇಕಾದ ನಾಲ್ಕನೇ ಸಡಿಲ ಪದರ ಮಾತ್ರ ಕಾಣೆ. ಅಂಗೈ ಊರಿ ನೆತ್ತಿಯನ್ನು ಹಿಂದೆ ಮುಂದೆ ಜಾರಿಸಿ ನೋಡಿ, ಮೇಲಿನ ಮೂರು ಪದರ ಒಟ್ಟಿಗೆ ಜಾರುವುದು ಆ ಸಡಿಲ ಪದರದ ಮೇಲೆ. ತಲೆಗೆ ಪೆಟ್ಟು ಬಿದ್ದು ಅಲ್ಲಿ ರಕ್ತ ತುಂಬಿದರೆ ಮುಂದೆ ಹರಿದು ಕಣ್ಣಿನ ರೆಪ್ಪೆಗೆ ಇಳಿಯುತ್ತದೆ, ಯಾಕೆಂದರೆ ಹಣೆಯ ಸ್ನಾಯು ಮುಂದುಗಡೆ ಮೂಳೆಗೆ ಅಂಟಿಲ್ಲ. ಪೆಟ್ಟು ತಲೆಗೆ, ಕಪ್ಪಾಗುವುದು ಕಣ್ಣು! ಎರಡನೇ ಪದರವೂ ಇಲ್ಲಿ ಚರ್ಮದ ಜೊತೆಗೇ ಸೇರಿಹೋಗಿದೆ. ಅದರ ಗಟ್ಟಿ ನಾರು ರಕ್ತನಾಳದ ಗೋಡೆಯನ್ನು ಹಿಡಿದುಕೊಳ್ಳುವುದರಿಂದ, ನಾಳ ಕತ್ತರಿಸಿದರೂ ಮುಚ್ಚಿಕೊಳ್ಳುವುದಿಲ್ಲ. ಬೈಕಿನಿಂದ ಬಿದ್ದವರ ತಲೆ ಅಷ್ಟು ರಕ್ತ ಸುರಿಸುವುದು ಅದಕ್ಕೇ. ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಬೇಕಾದವರಿಗೆ ಇದು ತಿಳಿದಿರಲೇಬೇಕು. ನಾನು ಟೋಪಿಯ ಕೆಳಗೆ ತೆಳ್ಳಗೆ ಹತ್ತಿ ಹಾಸಿಟ್ಟಿದ್ದೇನೆ, ಈಗ ಜಾರಿಸಿ ತೋರಿಸಬಹುದು.

ಪಿನ್ನುಗಳು ಸಡಿಲ, ಬಣ್ಣ ಗಟ್ಟಿ. ನಂಬರ್ ಪಟ್ಟಿ ತೆಳು ಕಾಗದದ್ದು, ನಾನು ಲ್ಯಾಮಿನೇಷನ್ ಮಾಡಿಸಿದೆ. ನಮ್ಮೂರಿನ ಮೇ ಬಿಸಿಲಿಗೆ ಕಿಟಕಿ ಪಕ್ಕ ಮಾತ್ರ ಇಡಬೇಡಿ, ನನ್ನದರಲ್ಲಿ ಕುತ್ತಿಗೆಯ ಕಡೆಯ ನರ ಗೋಂದು ಬಿಟ್ಟು ಎದ್ದಿತ್ತು. ನಾಳದ ವಿಷಯ ಅಂಗಡಿಯಲ್ಲಿ ಹೇಳಿದರೆ ‘ಇಲ್ಲಿತನಕ ಯಾರೂ ಕೇಳಿಲ್ರಿ’ ಅಂದರು, ವಾಪಸ್ ಮಾತ್ರ ತಗೊಳ್ಳಲಿಲ್ಲ. ತಗೊಳ್ಳುವವರು ಅಂಗಡಿಯಲ್ಲೇ ಪೆರೋಟಿಡ್ ಬಿಚ್ಚಿ ನೋಡಿ, ಬೆಲೆ ಚೌಕಾಸಿ ಮಾಡಲು ಅದೊಂದು ಸಾಕು. ನರ ಏನಾದರೂ ಎದ್ದರೆ ಇನ್‌ಸ್ಟಂಟ್ ಗಮ್ ಹಚ್ಚಬೇಡಿ, ಸುತ್ತಲೂ ಬೆಳ್ಳಗೆ ಕಲೆ ಕೂರುತ್ತದೆ.