ವಿಜಯಪುರದ ಬಿಸಿಲಿಗೆ ಯಾವ ಏರ್ ಪ್ಲಾಂಟ್? ಮೂರು ಬಗೆ ಸಾಕಿ ನೋಡಿದ ಮೇಲೆ

ಮಣ್ಣು ಬೇಡ, ಕುಂಡ ಬೇಡ, ಸುಮ್ನೆ ನೇತುಹಾಕಿ ಅಂತ ಹೇಳಿ ಏರ್ ಪ್ಲಾಂಟ್ ಮಾರುತ್ತಾರೆ. ಮಣ್ಣು ಬೇಡ ಅನ್ನುವುದು ನಿಜ. ಆದರೆ ನೀರು ಬೇಕೇ ಬೇಕು. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 40 ಡಿಗ್ರಿ ದಾಟುತ್ತದೆ, ಹಿಂಡಿ ಹಾಕಿದ ಬಟ್ಟೆ ನೋಡನೋಡುತ್ತಲೇ ಒಣಗುತ್ತದೆ. ಅಂಥ ಗಾಳಿಯಲ್ಲಿ ಗಿಡ ಕುಡಿಯುವುದಾದರೂ ಏನನ್ನು?

ನಾನು ಸಾಕಿದ್ದು ಅಯೊನಾಂಥ, ಜೆರೋಗ್ರಾಫಿಕಾ ಮತ್ತು ಸ್ಪ್ಯಾನಿಶ್ ಮಾಸ್. ಮೂರೂ ಟಿಲ್ಲಾಂಡ್ಸಿಯಾ ಅನ್ನುವ ಒಂದೇ ಜಾತಿಗುಂಪಿನ ಗಿಡಗಳು, ಅನಾನಸ್ ಬಳಗದವು.

ಸ್ಪ್ಯಾನಿಶ್ ಮಾಸ್ ಇಲ್ಲಿಗೆ ಆಗಿಬರಲ್ಲ. ಬೂದು ಬಣ್ಣದ ಜಡೆಯ ಹಾಗೆ ಇಳಿಬಿದ್ದು ಚೆಂದ ಕಾಣುತ್ತದೆ, ಆದರೆ ಎಳೆ ತೀರಾ ಸಣ್ಣ, ನೀರು ಕೂಡಿಡಲು ಜಾಗವೇ ಇಲ್ಲ. ಬೆಳಿಗ್ಗೆ ಸಂಜೆ ಸ್ಪ್ರೇ ಹೊಡೆದರೂ ತುದಿಯಿಂದ ಕಂದಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಕೂಲರ್ ಹತ್ತಿರ ಇಟ್ಟಾಗ ಸ್ವಲ್ಪ ಚೇತರಿಸಿಕೊಂಡಿತು. ಗಿಡಕ್ಕೋಸ್ಕರ ಹಗಲೆಲ್ಲ ಕೂಲರ್ ಓಡಿಸೋಕಾಗುತ್ತಾ?

ಜೆರೋಗ್ರಾಫಿಕಾ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಒಣ ಕಾಡಿನ ಗಿಡ, ಗಟ್ಟಿ ಜೀವ. ದಪ್ಪ ಎಲೆಯ ಮೇಲಿನ ಬೆಳ್ಳಿ ಬಣ್ಣ ಅಂದರೆ ನೀರು ಹೀರುವ ಪುಟ್ಟ ಪುಟ್ಟ ಹೊಟ್ಟುಗಳು. ಬಾಯಾರಿದರೆ ಎಲೆ ಇನ್ನಷ್ಟು ಸುರುಳಿ ಸುತ್ತುತ್ತದೆ, ನೀರು ಕುಡಿದ ಮೇಲೆ ಸಡಿಲಾಗುತ್ತದೆ. ಹಾಗಾಗಿ ಯಾವಾಗ ನೀರು ಕೊಡಬೇಕು ಅಂತ ಅದೇ ಹೇಳುತ್ತದೆ. ರೇಟು ಮಾತ್ರ ಜಾಸ್ತಿ, ಬೆಳೆಯುವುದೂ ಆಮೆ ನಡಿಗೆ.

ನನ್ನ ವೋಟು ಅಯೊನಾಂಥಕ್ಕೆ. ಅಂಗೈಯಲ್ಲಿ ಹಿಡಿಯುವಷ್ಟು ಗಿಡ, ಅಗ್ಗ. ಹೂ ಬಿಡುವ ಹೊತ್ತಿಗೆ ನಡುವಿನ ಎಲೆಗಳು ಕೆಂಪಾಗಿ, ಅದರೊಳಗಿಂದ ನೇರಳೆ ಹೂ ಇಣುಕುತ್ತದೆ. ಒಂದು ಗಿಡ ಹೂ ಬಿಡುವುದು ಒಂದೇ ಸಲ. ಆಮೇಲೆ ಬುಡದಲ್ಲಿ ಮರಿ ಹಾಕಿ ತಾಯಿಗಿಡ ನಿಧಾನಕ್ಕೆ ಹೋಗುತ್ತದೆ, ಗಾಬರಿ ಬೇಡ.

ಈಗ ನೀರಿನ ವಿಷಯ, ಅಸಲಿ ವ್ಯತ್ಯಾಸ ಇರುವುದೇ ಇಲ್ಲಿ. ಬೇಸಿಗೆಯಲ್ಲಿ ಬರೀ ಸ್ಪ್ರೇ ನೆಚ್ಚಿಕೊಂಡರೆ ಆಗಲ್ಲ, ಎಲೆ ಹೀರುವ ಮೊದಲೇ ಆರಿಹೋಗುತ್ತದೆ. ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿ, ತಲೆಕೆಳಗೆ ಮಾಡಿ ಚೆನ್ನಾಗಿ ಕೊಡವಿ, ಫ್ಯಾನ್ ಕೆಳಗೆ ಆರಲು ಬಿಡಿ. ವಾರಕ್ಕೊಮ್ಮೆ ಸಾಕು, ಏಪ್ರಿಲ್-ಮೇನಲ್ಲಿ ಎರಡು ಸಲ. ಇದನ್ನು ಬೆಳಿಗ್ಗೆಯೇ ಮಾಡಿ, ಯಾಕೆಂದರೆ ಈ ಗಿಡಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದು ರಾತ್ರಿ, ಆಗ ಎಲೆ ಒದ್ದೆ ಇದ್ದರೆ ತೊಂದರೆ. ನಮ್ಮ ಬೋರ್‌ವೆಲ್ ನೀರು ಬಕೆಟ್‌ಗೇ ಬಿಳಿ ಪೊರೆ ಕಟ್ಟುತ್ತದೆ, ಎಲೆಗೆ ಬಿಟ್ಟೀತಾ? ಆ ಸುಣ್ಣ ಕೂತರೆ ಹೀರುವ ಹೊಟ್ಟುಗಳು ಮುಚ್ಚಿಕೊಳ್ಳುತ್ತವೆ. ಫಿಲ್ಟರ್ ನೀರು ಪರವಾಗಿಲ್ಲ, ಮಾಳಿಗೆಯಿಂದ ಹಿಡಿದ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು.

ಬೆಳಗಾವಿಯವರು ಮಾತ್ರ ನನ್ನ ಲೆಕ್ಕ ಹಿಡಿಯಬೇಡಿ. ಟಿಳಕವಾಡಿಯಲ್ಲಿ ನಮ್ಮ ಅಕ್ಕನ ಬಾಲ್ಕನಿಯಲ್ಲಿ ಅದೇ ಸ್ಪ್ಯಾನಿಶ್ ಮಾಸ್ ಮಳೆಗಾಲದಲ್ಲಿ ಹೇಳೋರು ಕೇಳೋರು ಇಲ್ಲದೆ ಹಬ್ಬಿದೆ. ಅವಳ ಜೆರೋಗ್ರಾಫಿಕಾ ಮಾತ್ರ ನಡುವೆ ನೀರು ನಿಂತು ಕೊಳೆತುಹೋಯಿತು. ನಾಲ್ಕು ಗಂಟೆಯೊಳಗೆ ಗಿಡ ಆರಬೇಕು, ಜುಲೈನಲ್ಲಿ ಅಲ್ಲಿ ಟವೆಲ್ಲೇ ಆರಲ್ಲ. ಅಲ್ಲಿಯವರು ಮಳೆಗಾಲದಲ್ಲಿ ಮುಳುಗಿಸುವುದನ್ನು ಬಿಟ್ಟು, ಆಗೊಮ್ಮೆ ಈಗೊಮ್ಮೆ ಸ್ಪ್ರೇ ಹೊಡೆದು ಫ್ಯಾನ್ ಹಾಕಿದರೆ ಸಾಕು.

ಹಾಂ, ನೇತುಹಾಕಲು ತಾಮ್ರದ ತಂತಿ ಬಳಸಬೇಡಿ, ತಾಮ್ರ ಈ ಗಿಡಕ್ಕೆ ವಿಷ. ಮೀನಿನ ಗಾಳದ ದಾರ ಆಗುತ್ತದೆ.