ಹಾವಸೆ ಅಂಗಳಕ್ಕೆ ಪ್ರೆಷರ್ ವಾಷರ್: ತಗೊಳ್ಳಬಹುದಾ?

ನಮ್ಮದು ಸುಳ್ಯದ ಕಡೆ ಅಡಿಕೆ ತೋಟದ ಮನೆ. ಎದುರಿಗೆ ಕಾಂಕ್ರೀಟ್ ಅಂಗಳ. ದೀಪಾವಳಿ ಕಳೆದ ಮೇಲೆ ಅದರಲ್ಲಿ ಅಡಿಕೆ ಒಣಗುತ್ತದೆ, ಜೂನ್ ಬಂತೆಂದರೆ ಹಾವಸೆ ಬೆಳೆಯುತ್ತದೆ. ಮಳೆಗಾಲದಲ್ಲಿ ಜಾರದಂತೆ ಅಡಿಕೆ ಸೋಗೆ (ಗರಿ) ಹಾಸಿಕೊಂಡು ನಡೆಯುವುದು ನಮ್ಮ ಕಡೆ ಎಲ್ಲರಿಗೂ ರೂಢಿ. ಆದರೆ ನಮ್ಮ ಅತ್ತೆ ಸೋಗೆ ಬಿಟ್ಟು ಬದಿಯಲ್ಲೇ ನಡೆಯುವವರು. ಹೇಳಿದರೆ, "ನಾನು ನಡೆಯಲು ಕಲಿತದ್ದೇ ಹಾವಸೆ ಅಂಗಳದಲ್ಲಿ" ಅನ್ನುತ್ತಾರೆ. "ಅದು ಮಣ್ಣಿನ ಅಂಗಳ ಅತ್ತೆ, ಬಿದ್ದರೆ ಸೊಂಟ ಉಳಿಯುತ್ತಿತ್ತು" ಅಂದರೆ ಕೇಳಿಸದವರ ಹಾಗೆ ದನದ ಹಟ್ಟಿಗೆ ಹೋಗಿಬಿಡುತ್ತಾರೆ. ಕೊನೆಗೆ ಇವರಿಗೆ ಹೇಳಿ, ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಪ್ರೆಷರ್ ವಾಷರ್ ತರಿಸಿದೆ.

ಕಂಪನಿ ಹೆಸರು ಬೇಡ. 1800 ವ್ಯಾಟ್, 130 ಬಾರ್ (ಬಾರ್ ಅಂದರೆ ನೀರಿನ ಒತ್ತಡದ ಅಳತೆ) ಅಂತ ಬರೆದಿರುವ, ಹತ್ತು ಸಾವಿರದ ಆಸುಪಾಸಿನ ಮಷಿನ್‌ಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ. ಸದ್ದು ಮಾತ್ರ ವಿಪರೀತ. ಇಂಥ ಸಣ್ಣ ಮಷಿನ್‌ಗಳಲ್ಲಿ ಹೆಚ್ಚಾಗಿ ಇರುವುದು ಮಿಕ್ಸಿ ಜಾತಿಯ ಮೋಟಾರು. ಮಧ್ಯಾಹ್ನ ಮಲಗುವವರಿರುವ ಮನೆಯಾದರೆ ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಕೆಲಸ ಹೇಗೆ ಮಾಡುತ್ತದೆ ಅಂದರೆ, ಚೆನ್ನಾಗಿ ಮಾಡುತ್ತದೆ. ಹಿಡಿಸೂಡಿಯಲ್ಲಿ ತಿಕ್ಕಿ ತಿಕ್ಕಿ ಭುಜ ನೋಯುತ್ತಿದ್ದ ಜಾಗದಲ್ಲಿ ಗನ್ ಹಿಡಿದು ನಡೆದರೆ ಸಾಕು, ಕಪ್ಪು ಪದರ ಎದ್ದು ಬರುತ್ತದೆ. ಆದರೆ ಡಬ್ಬಿಯಲ್ಲಿ ಬರುವ ನಾಝಲ್‌ಗಳ ಬಗ್ಗೆ ಅಂಗಡಿಯವರು ಹೇಳುವುದಿಲ್ಲ, ಅದನ್ನು ನಾನು ಹೇಳುತ್ತೇನೆ. ಒಂದು ಬೀಸಣಿಗೆಯಂತೆ ಅಗಲಕ್ಕೆ ನೀರು ಹಾರಿಸುತ್ತದೆ. ಇನ್ನೊಂದು ಟರ್ಬೋ, ನೀರಿನ ಎಳೆಯನ್ನು ಗಿರಗಿರ ತಿರುಗಿಸುತ್ತದೆ. ಟರ್ಬೋ ನೋಡಲು ಖುಷಿ, ಕೊಳೆ ಕ್ಷಣದಲ್ಲಿ ಮಾಯ. ಆದರೆ ಹತ್ತಿರ ಹಿಡಿದರೆ ಕೊಳೆಯ ಜೊತೆ ಅಂಗಳದ ಮೇಲಿನ ನುಣ್ಣನೆ ಸಿಮೆಂಟ್ ಪದರವೂ ಹೋಗುತ್ತದೆ. ಆಮೇಲೆ ಕೈಯಾಡಿಸಿದರೆ ಮರಳು ಚುಚ್ಚುತ್ತದೆ. ಆ ಒರಟಿನ ಸಣ್ಣ ಸಣ್ಣ ಗುಳಿಗಳಲ್ಲಿ ನೀರು ನಿಂತು, ಮುಂದಿನ ಮಳೆಗೆ ಹಾವಸೆ ಮೊದಲಿಗಿಂತ ಬೇಗ ಹಿಡಿಯುತ್ತದೆ. ಹಾಗಾಗಿ ಟರ್ಬೋ ಮೂಲೆಗೆ ಹಾಕಿ. ಅಗಲದ ನಾಝಲ್ ಹಾಕಿ, ನೆಲದಿಂದ ಒಂದಡಿ ಎತ್ತರ, ಸ್ವಲ್ಪ ಓರೆಯಾಗಿ ಹಿಡಿದು, ಒಂದೇ ವೇಗದಲ್ಲಿ ನಡೆಯಬೇಕು. ನಿಂತಲ್ಲೇ ನಿಂತರೆ ಅಂಗಳದ ತುಂಬ ಪಟ್ಟೆ ಪಟ್ಟೆ. ಮೂಲೆಯಲ್ಲಿ, ಯಾರೂ ನೋಡದ ಕಡೆ ಒಮ್ಮೆ ಹೊಡೆದು ನೋಡಿಯೇ ನಡುವಿಗೆ ಬನ್ನಿ. ಹಳೇ ಕಾಂಕ್ರೀಟ್ ಆದರೆ ಇದು ಬೇಕೇ ಬೇಕು.

ಮಷಿನ್ ಸಾಲದು. ನೀರು ಮೇಲಿನ ಹಸಿರನ್ನು ಎತ್ತುತ್ತದೆ, ಸೂಕ್ಷ್ಮ ರಂಧ್ರಗಳೊಳಗೆ ಕೂತದ್ದನ್ನು ಕೊಲ್ಲುವುದಿಲ್ಲ. ನಾನು ಮಾಡುವುದು ಹೀಗೆ: ಮೊದಲು ಮಷಿನ್ ಹೊಡೆದು, ಅಂಗಳ ಒದ್ದೆ ಇರುವಾಗಲೇ ಬ್ಲೀಚಿಂಗ್ ಪೌಡರ್ ಕಲಸಿದ ತಿಳಿನೀರು ಹಾಕಿ, ಕಾಲು ಗಂಟೆ ಒಣಗದಂತೆ ಬಿಟ್ಟು, ಹಿಡಿಸೂಡಿಯಲ್ಲಿ ಗುಡಿಸಿ, ಮತ್ತೆ ತೊಳೆಯುವುದು. ಮೋಡದ ಹೊತ್ತು ಒಳ್ಳೆಯದು, ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗುತ್ತದೆ. ತುಳಸಿ ಕಟ್ಟೆಯ ಕಡೆ ಆ ನೀರು ಹರಿಯದ ಹಾಗೆ ನೋಡಿಕೊಳ್ಳಿ. ಇದರ ಜೊತೆಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸುವವರಿದ್ದಾರೆ, "ಇನ್ನೂ ಬಿಳಿ ಆಗ್ತದೆ" ಅಂತ. ದಯವಿಟ್ಟು ಬೇಡ. ಎರಡೂ ಸೇರಿದರೆ ಹೊರಡುವುದು ವಿಷದ ಕ್ಲೋರಿನ್ ಗಾಳಿ. ಬರೀ ಆಸಿಡ್ ಕೂಡ ಬೇಡ, ಅದು ಸಿಮೆಂಟನ್ನೇ ಕರಗಿಸುತ್ತದೆ.

ತೋಟಕ್ಕೆ ಹೊಡೆದು ಉಳಿದ ಬೋರ್ಡೋವನ್ನು (ಮೈಲುತುತ್ತು-ಸುಣ್ಣದ ಔಷಧಿ) ಅಂಗಳಕ್ಕೆ ಎರಚುವ ಪದ್ಧತಿಯೂ ಇದೆ. ಹಾವಸೆ ಸಾಯುತ್ತದೆ ನಿಜ. ನೀಲಿ ಕಲೆ ಉಳಿಯುತ್ತದೆ, ಮತ್ತೆ ಅಡಿಕೆ ಒಣಗುವ ಜಾಗ ಅದು, ಅಲ್ವಾ? ನನಗಂತೂ ಮನಸ್ಸು ಒಪ್ಪುವುದಿಲ್ಲ.

ಇನ್ನು ಹಳ್ಳಿಯವರಿಗೆ ಮುಖ್ಯವಾದ ವಿಷಯ ಕರೆಂಟು ಮತ್ತು ನೀರು. 16 ಆಂಪ್ ಪ್ಲಗ್ಗಿಗೇ ಹಾಕಿ. ಮೊಬೈಲ್ ಚಾರ್ಜಿನ ಸಪೂರ ಎಕ್ಸ್‌ಟೆನ್ಷನ್ ವಯರು ಎಳೆದರೆ ವಯರು ಬಿಸಿಯಾಗುತ್ತದೆ, ಮಷಿನ್‌ಗೆ ಸಿಗುವ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಸಂಜೆ ವೋಲ್ಟೇಜ್ ಬೀಳುವ ಹೊತ್ತಿಗೆ ನಮ್ಮದು ಗುಂಯ್ ಅಂತ ನರಳುತ್ತದೆ, ಒತ್ತಡ ಹುಟ್ಟುವುದಿಲ್ಲ. ಆಗ ಒತ್ತಾಯ ಮಾಡದೆ ಆಫ್ ಮಾಡುವುದೇ ಸರಿ. ಒದ್ದೆ ನೆಲದಲ್ಲಿ ಕರೆಂಟಿನ ಮಷಿನ್ ಹಿಡಿದು ನಿಲ್ಲುವ ಕೆಲಸವಿದು. ಮನೆಗೆ ಶಾಕ್ ತಪ್ಪಿಸುವ ಇಎಲ್‌ಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಆಮೇಲೆ ಮಷಿನ್. ಕಾಲಿಗೆ ಗಮ್ ಬೂಟು ಇರಲಿ. ಆ ನೀರಿನ ಎಳೆ ಕಾಲಿನ ಚರ್ಮ ಸೀಳುವಷ್ಟು ಬಲವಾಗಿರುತ್ತದೆ.

ನೀರು ನಿಮಿಷಕ್ಕೆ ಆರೇಳು ಲೀಟರ್ ಬೇಕು. ಪೂರ್ತಿ ತೆರೆದಿಟ್ಟ ನಲ್ಲಿಗಿಂತ ಇದೇ ಕಮ್ಮಿ, ನೀರು ಪೋಲಾಗುತ್ತದೆ ಅನ್ನುವವರಿಗೆ ಇದು ಉತ್ತರ. ಆದರೆ ಆ ಆರೇಳು ಲೀಟರ್ ಬಿಡದೆ ಬರಬೇಕು. ಟ್ಯಾಂಕ್ ತಗ್ಗಿನಲ್ಲಿದ್ದು ಪೈಪು ಉದ್ದವಾದರೆ ಪಂಪಿಗೆ ಉಸಿರು ಕಟ್ಟುತ್ತದೆ. ಗನ್‌ನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ನಮ್ಮದು ಸುರಂಗದ ನೀರು, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯದ್ದು, ಜೊತೆಗೆ ಮಣ್ಣೂ ಬರುತ್ತದೆ. ಮಷಿನ್ ಬಾಯಲ್ಲಿರುವ ಬೆರಳಿನ ಗಾತ್ರದ ಜಾಲರಿಯನ್ನು ಪ್ರತಿ ಸಲ ಬಿಚ್ಚಿ ತೊಳೆಯುತ್ತೇನೆ.

ದೂರು ಇಲ್ಲ ಅಂತಲ್ಲ. ಗನ್‌ಗೆ ಪೈಪು ಸೇರುವ ಜಾಗದ ಪ್ಲಾಸ್ಟಿಕ್ ಕನೆಕ್ಟರ್ ಮೊದಲ ಮಳೆಗಾಲ ಮುಗಿಯುವುದರೊಳಗೆ ಸೋರಲು ಶುರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಮಂಗಳೂರಿಗೆ ತನ್ನಿ ಮೇಡಂ" ಅನ್ನುತ್ತಾರೆ. ಒಂದು ಓ-ರಿಂಗಿಗೆ ಮಂಗಳೂರು! ಊರಿನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಹುಡುಗ ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಹಾಕಿ ಕೊಟ್ಟ. ತಗೊಳ್ಳುವಾಗ ಹಿತ್ತಾಳೆ ಕನೆಕ್ಟರ್ ಇದೆಯಾ ನೋಡಿ, ಬಾರ್ ಎಷ್ಟು ಅಂತ ಕೇಳುವುದಕ್ಕಿಂತ ಇದು ಜಾಸ್ತಿ ಉಪಯೋಗ.

ಅಂಗಳ ತೊಳೆದು ಬೆಳ್ಳಗಾದ ಕೂಡಲೇ ಪೇಂಟ್ ಅಂಗಡಿಯವರು ಫಳಫಳ ಹೊಳೆಯುವ ಅಕ್ರಿಲಿಕ್ ಕೋಟಿಂಗ್ ತೋರಿಸುತ್ತಾರೆ. ನಮ್ಮ ಊರಿಗೆ ಆಗದ ಮಾತು. ಕೆಳಗಿನ ತೇವ ಮೇಲೆ ಬರಲು ದಾರಿಯಿಲ್ಲದೆ ಅದು ಸಿಪ್ಪೆ ಸುಲಿಯುತ್ತದೆ, ಒದ್ದೆಯಾದರೆ ಇನ್ನೂ ಜಾರುತ್ತದೆ. ಹಾಕುವುದಾದರೆ ಕಾಂಕ್ರೀಟಿನ ಒಳಗಿಳಿದು ನೀರು ತಡೆಯುವ ಸಿಲೇನ್ ಜಾತಿಯ ದ್ರವ ಕೇಳಿ, ಮೇಲೆ ಪದರ ಕಟ್ಟುವುದಿಲ್ಲ. ಅದನ್ನೂ ಬಿರುಕು ಮುಚ್ಚಿ, ಅಂಗಳ ಪೂರ್ತಿ ಒಣಗಿದ ಮೇಲೆ, ಅಂದರೆ ಫೆಬ್ರವರಿ ಮಾರ್ಚ್‌ನಲ್ಲಿ ಹಾಕಬೇಕು. ಅಡಿಕೆ ಇನ್ನೂ ಅಂಗಳದಲ್ಲೇ ಇರುತ್ತದೆ ಅನ್ನುವುದು ಬೇರೆ ತಲೆನೋವು.

ನೀರು ನಿಲ್ಲುವ ತಗ್ಗು ಇದ್ದರೆ ಮಷಿನ್‌ಗೆ ಮೊದಲು ಮೇಸ್ತ್ರಿಯನ್ನು ಕರೆಯಿರಿ. ನೆರಳು ಮತ್ತು ನಿಂತ ನೀರು ಇರುವ ತನಕ ಹಾವಸೆ ಬರುತ್ತಲೇ ಇರುತ್ತದೆ. ನಾವು ಅಂಗಳದ ಮೇಲೆ ಬಾಗಿದ್ದ ಹಲಸಿನ ಗೆಲ್ಲು ಕಡಿಸಿದ್ದೇ ಮಷಿನ್‌ನಷ್ಟು ಕೆಲಸ ಮಾಡಿತು. ಅಂಗಳ ಸಣ್ಣದಾದರೆ ಬಾಡಿಗೆಗೆ ತನ್ನಿ. ನಮ್ಮಷ್ಟು ದೊಡ್ಡದಿದ್ದರೆ, ಜೊತೆಗೆ ಹಟ್ಟಿ, ಜೀಪು, ಸ್ಪ್ರೇಯರ್ ಎಲ್ಲ ತೊಳೆಯಲಿಕ್ಕಿದ್ದರೆ ಸ್ವಂತದ್ದೇ ಆಗಬೇಕು. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ ಅಂಕ ಕನೆಕ್ಟರಿನ ಲೆಕ್ಕದ್ದು, ಒಂದು ಅಂಕ ಸದ್ದಿನದ್ದು.