ರಕ್ತದ ಸೋಂಕು: ಕಲ್ಚರ್ ಸಾಕಾ, ಪಿಸಿಆರ್ ಕೂಡ ಬೇಕಾ?

ಮೊದಲೇ ಹೇಳಿಬಿಡುತ್ತೇನೆ: ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬಿಟ್ಟು ಬರೀ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸುವ ಯೋಚನೆ ಬೇಡ.

ಬ್ಲಡ್ ಕಲ್ಚರ್ ಅಗ್ಗ, ಆದರೆ ನಿಧಾನ. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದದ್ದು ತಿಳಿಯಲು ಸಾಮಾನ್ಯವಾಗಿ 12ರಿಂದ 48 ಗಂಟೆ. ಯಾವ ಔಷಧಿ ಕೆಲಸ ಮಾಡುತ್ತದೆ ಎನ್ನಲು ಮತ್ತೆ ಒಂದೆರಡು ದಿನ. ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ರಕ್ತ ತೆಗೆದರೆ ಏನೂ ಬೆಳೆಯದೇ ಇರಬಹುದು. ದೊಡ್ಡವರಿಗೆ ಪ್ರತಿ ಬಾಟಲಿಗೆ 8–10 ಮಿಲಿ ರಕ್ತ ಬೇಕು. ಇದನ್ನೇ ಎಷ್ಟೋ ಕಡೆ ಕಡಿಮೆ ಹಾಕುತ್ತಾರೆ.

ಪಿಸಿಆರ್ ಅಂದರೆ ಎಲ್ಲವೂ ನೇರ ರಕ್ತದಿಂದ ಅಲ್ಲ. ಬಯೋಫೈರ್ ಬಿಸಿಐಡಿ2 ಎಂಬ ಪಿಸಿಆರ್ ಪ್ಯಾನೆಲ್‌ಗೆ (ಹಲವು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಕಿಟ್) ಕಲ್ಚರ್‌ನಲ್ಲಿ ಪಾಸಿಟಿವ್ ಆದ ಬಾಟಲಿಯೇ ಬೇಕು. ಆಮೇಲೆ ಸುಮಾರು ಒಂದು ಗಂಟೆಯಲ್ಲಿ 43 ಗುರಿಗಳನ್ನು (ರೋಗಾಣುಗಳು ಮತ್ತು ಔಷಧಿಗೆ ಬಗ್ಗದಂತೆ ಮಾಡುವ ಜೀನ್‌ಗಳು) ಹುಡುಕುತ್ತದೆ. ಟಿ2ಬ್ಯಾಕ್ಟೀರಿಯಾ ಎಂಬ ಪರೀಕ್ಷೆ ನೇರ ರಕ್ತದಲ್ಲೇ 3–5 ಗಂಟೆಯಲ್ಲಿ ಹೇಳುತ್ತದೆ, ಆದರೆ ಬೆರಳೆಣಿಕೆಯ ಬ್ಯಾಕ್ಟೀರಿಯಾ ಮಾತ್ರ!

ಪಟ್ಟಿಯಲ್ಲಿ ಇಲ್ಲದ್ದು ಪಿಸಿಆರ್‌ಗೆ ಕಾಣದು. ಉಡುಪಿ, ಮಂಗಳೂರು ಕಡೆ ಮಳೆಗಾಲದಲ್ಲಿ ಜಾಸ್ತಿ ಕಾಣುವ ಮೆಲಿಯೊಯ್ಡೋಸಿಸ್‌ನ (ಮಣ್ಣು, ನೀರಿನಿಂದ ಬರುವ ಸೋಂಕು) ಬ್ಯಾಕ್ಟೀರಿಯಾ ಈ ಎರಡು ಪರೀಕ್ಷೆಗಳ ಪಟ್ಟಿಯಲ್ಲೂ ಇಲ್ಲ. ಅದನ್ನು ಹಿಡಿಯಲು ಕಲ್ಚರೇ ಗತಿ.

ಪಿಸಿಆರ್‌ನಲ್ಲಿ ಎನ್‌ಡಿಎಂ ಜೀನ್ (ಬಲವಾದ ಆ್ಯಂಟಿಬಯಾಟಿಕ್‌ಗೂ ಬ್ಯಾಕ್ಟೀರಿಯಾ ಬಗ್ಗದಂತೆ ಮಾಡುವ ಜೀನ್) ಸಿಕ್ಕರೆ ಡಾಕ್ಟರು ಅಂದೇ ಔಷಧಿ ಬದಲಿಸಬಹುದು, ಅದು ದೊಡ್ಡ ಲಾಭ. ಸಿಗದಿದ್ದರೆ ಔಷಧಿ ಕೆಲಸ ಮಾಡುತ್ತದೆ ಅಂತೇನೂ ಅಲ್ಲ. ಬ್ಯಾಕ್ಟೀರಿಯಾ ಬೇರೆ ದಾರಿಯಲ್ಲೂ ತಪ್ಪಿಸಿಕೊಳ್ಳುತ್ತದೆ.

ಐಸಿಯುನಲ್ಲಿ ಬಿಪಿ ಕುಸಿಯುತ್ತಿದ್ದರೆ, ಕೀಮೋ ನಡೆಯುತ್ತಿದ್ದರೆ ಎರಡನ್ನೂ ಮಾಡಿಸಿ. ವಾರ್ಡಿನಲ್ಲಿ ಆರಾಮಾಗಿದ್ದು ಟೈಫಾಯಿಡ್ ಅನುಮಾನವಿರುವವರಿಗೆ ಕಲ್ಚರ್ ಸಾಕು. ರಾತ್ರಿ ಬಂದ ರಿಪೋರ್ಟನ್ನು ಬೆಳಗ್ಗೆವರೆಗೆ ಯಾರೂ ನೋಡದ ಆಸ್ಪತ್ರೆಯಲ್ಲಿ ಪಿಸಿಆರ್ ಸುಮ್ನೆ ಖರ್ಚು.